ಸಸಿ ನೆಟ್ಟಾಯ್ತು, ಚರಂಡಿ ನೀರು ಎಲ್ಲಿಗೆ ಹೋಯ್ತು?

ಜೂನ್ 5 ಹತ್ತಿರ ಬಂತೆಂದರೆ ತಾಲ್ಲೂಕು ಊರುಗಳ ಕಾಲೇಜುಗಳಲ್ಲಿ ಹಾರೆ ಗುದ್ದಲಿಗಳಿಗೆ ಎಲ್ಲಿಲ್ಲದ ಬೇಡಿಕೆ. ಹಿಂದಿನ ದಿನವೇ ಗುಂಡಿ ತೆಗೆದು ನೀರು ಬಿಟ್ಟು ಇಟ್ಟಿರುತ್ತಾರೆ. ಅರಣ್ಯ ಇಲಾಖೆಯ ನರ್ಸರಿಯಿಂದ ಹೊಂಗೆ, ನೇರಳೆ, ಬೇವಿನ ಸಸಿಗಳು ಬಂದಿರುತ್ತವೆ. ಶಾಮಿಯಾನ, ಮೈಕು, ಪ್ರಾರ್ಥನೆ, ಸ್ವಾಗತ, ಹಾರ, ಭಾಷಣ. ಅತಿಥಿಗಳು ಗುಂಡಿಯೊಳಗೆ ಸಸಿ ಇಟ್ಟು, ಕ್ಯಾಮೆರಾ ಕಡೆ ನೋಡಿಕೊಂಡೇ ನೀರು ಹೊಯ್ಯುತ್ತಾರೆ. ಆಮೇಲೆ ಉಪ್ಪಿಟ್ಟು, ಕೇಸರಿಬಾತು, ಕಾಫಿ. ತಿಂದ ತಟ್ಟೆ, ಕುಡಿದ ಲೋಟ ಎಲ್ಲ ಶಾಮಿಯಾನದ ಹಿಂದೆ. ಮಾರನೇ ದಿನ ಅದಕ್ಕೆ ಬೆಂಕಿ. ಆ ಹೊಗೆ ಹೋಗಿ ಕೂರುವುದು ಹೊಸ ಸಸಿಯ ಮೇಲೆಯೇ!

ಹಳೇ ವಿದ್ಯಾರ್ಥಿಗಳನ್ನು ಮಾತಾಡಿಸಿದರೆ, "ಗುಂಡಿ ಹಳೇದೇ, ಸಸಿ ಮಾತ್ರ ವರ್ಷ ವರ್ಷ ಹೊಸದು" ಎಂದು ನಗುವವರು ಸಿಕ್ಕೇ ಸಿಕ್ಕುತ್ತಾರೆ. ನಗು ಹಾಗಿರಲಿ. ಸಸಿ ನೆಡುವುದು ತಪ್ಪಲ್ಲ, ನೆಡಲೇಬೇಕು. ಆದರೆ ಆ ಸಭೆಯ ನಡುವೆ ಒಬ್ಬ ಹುಡುಗ ಎದ್ದು ನಿಂತು, "ಸಾರ್, ನಮ್ ಕಾಲೇಜಿನ ಕಕ್ಕಸಿನ ನೀರು, ಲ್ಯಾಬಿನ ನೀರು, ಕ್ಯಾಂಟೀನಿನ ನೀರು ಎಲ್ಲಿಗೆ ಹೋಯ್ತದೆ?" ಎಂದು ಕೇಳಿದ ಅಂತಿಟ್ಟುಕೊಳ್ಳಿ. ಪ್ರಾಂಶುಪಾಲರು ಮೇಷ್ಟ್ರ ಮುಖ ನೋಡುತ್ತಾರೆ, ಮೇಷ್ಟ್ರು ಅಟೆಂಡರ ಮುಖ ನೋಡುತ್ತಾರೆ. ಅಟೆಂಡರ ಉತ್ತರ ಒಂದೇ: "ಚರಂಡಿಗೆ ಹೋಯ್ತದೆ ಸಾ."

ಚರಂಡಿ ಎಲ್ಲಿಗೆ ಹೋಗುತ್ತದೆ? ಅಲ್ಲಿಗೆ ಸಭೆ ಮುಕ್ತಾಯ, ವಂದನಾರ್ಪಣೆ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕಡೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಜೊತೆಗೆ ಪದವಿಪೂರ್ವ ಕಾಲೇಜುಗಳು, ಖಾಸಗಿ ಕಾಲೇಜುಗಳು, ಹಾಸ್ಟೆಲುಗಳು. ಸಾವಿರಾರು ಹುಡುಗ ಹುಡುಗಿಯರು ದಿನಾ ಬೆಳಿಗ್ಗೆ ಬಸ್ಸಿಳಿದು ಒಳಗೆ ಹೋಗಿ ಸಂಜೆ ಹೊರಗೆ ಬರುತ್ತಾರೆ. ಅವರ ಹಾಜರಿ ಲೆಕ್ಕ ಉಂಟು, ಅಂಕದ ಲೆಕ್ಕ ಉಂಟು, ಫೀಸಿನ ಲೆಕ್ಕವಂತೂ ಕಟ್ಟುನಿಟ್ಟು. ಅವರು ಬಳಸಿ ಬಿಟ್ಟ ನೀರಿನ ಲೆಕ್ಕ ಮಾತ್ರ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಲೆಕ್ಕ ಹಾಕಿದರೆ ಗಾಬರಿ

ಹಗಲು ಹೊತ್ತು ನಡೆಯುವ ಶಾಲೆ ಕಾಲೇಜಿಗೆ ತಲೆಗೆ ದಿನಕ್ಕೆ 45 ಲೀಟರ್ ನೀರು ಬೇಕು ಎನ್ನುವುದು ರಾಷ್ಟ್ರೀಯ ಕಟ್ಟಡ ಸಂಹಿತೆಯ ಅಳತೆ. ಸಾವಿರ ಮಕ್ಕಳಿದ್ದರೆ 45 ಸಾವಿರ ಲೀಟರ್. ಬಳಸಿದ ನೀರಿನಲ್ಲಿ ನೂರಕ್ಕೆ 80ರಷ್ಟು ಕೊಳಚೆಯಾಗಿ ಹೊರಗೆ ಬರುತ್ತದೆ ಎಂದು ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ 36 ಸಾವಿರ ಲೀಟರ್. "ನಮ್ಮಲ್ಲಿ ನಲ್ಲೀಲಿ ನೀರೇ ಬರಾಕಿಲ್ಲ, ಇನ್ನು 45 ಲೀಟರ್ ಎಲ್ಲಿಂದ ಬಂತು" ಎನ್ನುವ ಕಾಲೇಜುಗಳೂ ಇವೆ. ಸರಿ, ಅರ್ಧ ಎಂದೇ ಹಿಡಿಯಿರಿ. ಆದರೂ ದಿನಕ್ಕೆ 18 ಸಾವಿರ ಲೀಟರ್. 5 ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿಸಿದರೆ ಮೂರು ತುಂಬಿ ನಾಲ್ಕನೆಯದು ಅರ್ಧದ ಮೇಲೆ ತುಂಬುತ್ತದೆ.

ಆ ನೀರು ಹೊಳೆ ಸೇರಿದರೆ ಏನಾಗುತ್ತದೆ? ಕೊಳೆಯನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನೊಳಗಿನ ಆಮ್ಲಜನಕವನ್ನು ಉಸಿರಾಡಿ ಖಾಲಿ ಮಾಡುತ್ತವೆ. ಎಷ್ಟು ಖಾಲಿ ಮಾಡುತ್ತವೆ ಎಂಬ ಲೆಕ್ಕಕ್ಕೆ ಬಿ.ಓ.ಡಿ. ಎಂದು ಹೆಸರು. ಲೀಟರಿಗೆ 3 ಮಿಲಿಗ್ರಾಂ ದಾಟಿದರೆ ಆ ಹೊಳೆ ಸ್ನಾನಕ್ಕೂ ಯೋಗ್ಯವಲ್ಲ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಗೆರೆ ಎಳೆದಿದೆ. ಶುದ್ಧೀಕರಿಸದ ಮನೆಬಳಕೆಯ ಕೊಳಚೆಯಲ್ಲಿ ಅದು ಸಾಮಾನ್ಯವಾಗಿ 200ರಿಂದ 300. ನಡುವಿನ 250 ಎಂದು ಹಿಡಿದರೂ ಒಂದು ಲೀಟರ್ ಕೊಳಚೆಯನ್ನು ಆ ಗೆರೆಗೆ ಇಳಿಸಲು 80 ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು. ಸಾವಿರ ಮಕ್ಕಳ ಒಂದು ಕಾಲೇಜಿನ ಒಂದು ದಿನದ 36 ಸಾವಿರ ಲೀಟರಿಗೆ ಹೊಳೆ ತನ್ನ 28 ಲಕ್ಷ ಲೀಟರಿಗೂ ಮಿಕ್ಕ ನೀರನ್ನು ಕೊಟ್ಟು ತೊಳೆಯಬೇಕು. ಮಳೆಗಾಲದಲ್ಲಿ ಹೊಳೆ ತೊಳೆದೀತು. ಮಾರ್ಚಿಯಲ್ಲಿ, ಬಂಡೆ ಕಾಣುವ ಹೊಳೆ ಏನು ತೊಳೆದೀತು?

ಲಕ್ಷ್ಮಣತೀರ್ಥ ಮೊದಲು ತೀರ್ಥ, ಆಮೇಲೆ?

ಕೊಡಗಿನ ಬ್ರಹ್ಮಗಿರಿ ಬೆಟ್ಟದಲ್ಲಿ ಹುಟ್ಟಿ ಇರ್ಪುವಿನಲ್ಲಿ ಜಲಪಾತವಾಗಿ ಧುಮುಕುವ ಲಕ್ಷ್ಮಣತೀರ್ಥಕ್ಕೆ ಶಿವರಾತ್ರಿ ಹೊತ್ತಿನಲ್ಲಿ ಜನ ಹುಡುಕಿಕೊಂಡು ಹೋಗಿ ಮೀಯುತ್ತಾರೆ. ಅದೇ ಹೊಳೆ ಹನಗೋಡಿನ ಅಣೆಕಟ್ಟೆ ದಾಟಿ, ಹುಣಸೂರಿನ ಮಗ್ಗುಲಲ್ಲೇ ಹರಿದು, ಕಟ್ಟೆಮಳಲವಾಡಿ ಕಡೆ ಹೊರಡುತ್ತದೆ. 2018ರಲ್ಲಿ ಕೇಂದ್ರ ಮಂಡಳಿ ದೇಶದ 351 ಕಲುಷಿತ ನದೀ ಭಾಗಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಕರ್ನಾಟಕದವು 17. ಆ ಹದಿನೇಳರಲ್ಲಿ ಒಂದು, ಹುಣಸೂರಿನಿಂದ ಕಟ್ಟೆಮಳಲವಾಡಿವರೆಗಿನ ಲಕ್ಷ್ಮಣತೀರ್ಥ! ಬೆಟ್ಟದಲ್ಲಿ ತೀರ್ಥ, ಪೇಟೆ ದಾಟಿದ ಮೇಲೆ ಪಟ್ಟಿಯಲ್ಲಿ ಹೆಸರು. ಆ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪಟ್ಟಿಯ ಪ್ರತಿ ನದಿಗೂ ಕ್ರಿಯಾಯೋಜನೆ ಮಾಡಿ ಎಂದು ರಾಜ್ಯಗಳಿಗೆ ಆಜ್ಞೆ ಮಾಡಿತು.

ಹೊಳೆ ಕೆಟ್ಟಿದ್ದಕ್ಕೆ ಕಾಲೇಜುಗಳೇ ಕಾರಣ ಅಂತ ಯಾರೂ ಹೇಳುವುದಿಲ್ಲ. ಇಡೀ ಪೇಟೆಯ ಮನೆ, ಹೋಟೆಲು, ಛತ್ರ, ಮಾಂಸದಂಗಡಿ, ಗ್ಯಾರೇಜು ಎಲ್ಲದರ ಪಾಲೂ ಅದರಲ್ಲಿದೆ. ಆದರೆ ಪಟ್ಟಿ ಓದಿ ಅರ್ಥ ಮಾಡಿಕೊಳ್ಳಬಲ್ಲವರು, ನೀರು ಪರೀಕ್ಷೆ ಮಾಡಬಲ್ಲವರು, ಪ್ರಯೋಗಾಲಯ ಇಟ್ಟುಕೊಂಡವರು ಊರಿನಲ್ಲಿ ಯಾರು? ಕಾಲೇಜಿನವರೇ ತಾನೆ!

ಹೊಳೆ ಕಟ್ಟೆಮಳಲವಾಡಿಯಲ್ಲಿ ನಿಲ್ಲುವುದಿಲ್ಲ. ಕೆ.ಆರ್. ನಗರದ ಸೀಮೆ ದಾಟಿ ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುತ್ತದೆ. ಅತ್ತ ಕಾವೇರಿ ಚುಂಚನಕಟ್ಟೆಯಲ್ಲಿ ಧುಮುಕಿ ಅಲ್ಲಿಗೇ ಬರುತ್ತದೆ. ಕೆ.ಆರ್. ನಗರವಂತೂ ಹೊಳೆಯಿಂದಲೇ ಹುಟ್ಟಿದ ಊರು. ಹಳೇ ಎಡತೊರೆ ಕಾವೇರಿಯ ನೆರೆಗೆ ಸಿಕ್ಕ ಮೇಲೆ ಅಳತೆ ಹಾಕಿ ಕಟ್ಟಿದ ಪಟ್ಟಣ. ಪಿರಿಯಾಪಟ್ಟಣದ ಕಡೆ ಎಷ್ಟೋ ಊರುಗಳಲ್ಲಿ ನೀರು ಮೊದಲು ಕೆರೆಗೆ, ಕೆರೆ ಕೋಡಿ ಬಿದ್ದರೆ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಎಚ್.ಡಿ. ಕೋಟೆಯದು ಕಪಿಲೆಯ ದಾರಿ. ಬೀಚನಹಳ್ಳಿಯ ಕಬಿನಿ ಕಟ್ಟೆ ಬಿಟ್ಟು ನಂಜನಗೂಡಿಗೆ ಹೋದ ಮೇಲೆ ಅದೂ ಪಟ್ಟಿಯಲ್ಲಿದೆ. ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಭಾಗ 2018ರ ಅದೇ ಹದಿನೇಳರಲ್ಲಿ ಒಂದು. ಕಾವೇರಿಯನ್ನೂ ಕಪಿಲೆಯನ್ನೂ ಕುಡಿಯುವುದು ಮೈಸೂರು. ಹೀಗಾಗಿ ಮೈಸೂರಿನ ಹಾಸ್ಟೆಲಿನಲ್ಲಿ ಇರುವ ಹುಣಸೂರಿನ ಹುಡುಗ ಕುಡಿಯುವ ನೀರಿನ ಹಿಂದೆ ಊರಿನಲ್ಲಿರುವ ತಮ್ಮನ ಕಾಲೇಜಿನ ಚರಂಡಿಯೂ ಇದ್ದೀತು!

ಕುಕ್ಕರಹಳ್ಳಿ ಕೆರೆಯ ಪಾಠ

ಕಾಲೇಜಿನ ಅಂಗಳಕ್ಕೂ ಕೊಳಚೆಗೂ ಏನು ನಂಟು ಎಂದು ತಿಳಿಯಬೇಕಾದವರು ದೂರ ಹೋಗಬೇಕಿಲ್ಲ. ಮೈಸೂರು ಬಸ್ಸು ಹತ್ತಿ ಮಾನಸಗಂಗೋತ್ರಿಗೆ ಹೋದರೆ ಸಾಕು. ಈ ನಾಲ್ಕು ತಾಲ್ಲೂಕುಗಳಿಂದ ಎಂ.ಎ., ಎಂ.ಎಸ್ಸಿ. ಮಾಡಲು ಹೋದವರೆಲ್ಲ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಮ್ಮೆಯಾದರೂ ಕಡಲೆಕಾಯಿ ತಿಂದುಕೊಂಡು ನಡೆದವರೇ.

ಕೆರೆಯನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ಊರಾಚೆಯ ಗದ್ದೆಗಳಿಗೆ ನೀರುಣಿಸುವುದು ಮೊದಲ ಉದ್ದೇಶ. ಹಿನಕಲ್ ಕಡೆಯಿಂದ ಪೂರ್ಣಯ್ಯ ನಾಲೆ ಮಳೆನೀರು ತಂದು ತುಂಬುತ್ತಿತ್ತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಕುವೆಂಪು ಅವರು ಕುಲಪತಿಯಾಗಿದ್ದಾಗ, 1960ರಲ್ಲಿ, ಸ್ನಾತಕೋತ್ತರ ವಿಭಾಗಗಳಿಗೆಂದು ಕೆರೆಯ ಮಗ್ಗುಲಿನಲ್ಲಿ ಹೊಸ ಆವರಣ ಆಯಿತು. ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಅವರು ದಿನಾ ತಿರುಗಾಡುತ್ತಿದ್ದ ಕೆರೆ ಅದು. ಕೆರೆ ಹೀಗೆ ವಿಶ್ವವಿದ್ಯಾನಿಲಯದ ಮಡಿಲಿಗೆ ಬಂತು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ, ಹಾವಕ್ಕಿ, ಎಲ್ಲ ನಡುಗಡ್ಡೆಯ ಮರಗಳಲ್ಲಿ ಗೂಡು ಕಟ್ಟಿ ಸಂಸಾರ ಹೂಡಿದವು.

ಊರು ಬೆಳೆಯಿತು. ನಾಲೆಯ ದಾರಿಯಲ್ಲಿ ಬಡಾವಣೆಗಳು ಎದ್ದವು. ಮಳೆನೀರು ಬರುವ ದಾರಿ ಬಹುಪಾಲು ಮುಚ್ಚಿತು. ಕೊಳಚೆ ಬರುವ ದಾರಿ ಮಾತ್ರ ತೆರೆದುಕೊಂಡಿತು. ಪಡುವಾರಹಳ್ಳಿ ಮತ್ತಿತರ ಕಡೆಯ ಚರಂಡಿ ನೀರು ಕೆರೆಗೆ ಇಳಿಯಿತು. ಕೊಳಚೆಯಲ್ಲಿ ಬರುವ ಸಾರಜನಕ, ರಂಜಕ ಪಾಚಿಗೆ ಗೊಬ್ಬರ. ಪಾಚಿ ಬೆಳೆದು ನೀರು ಹಸಿರು ಬಣ್ಣಕ್ಕೆ ತಿರುಗಿತು. ಪಾಚಿ ಸತ್ತು ಕೊಳೆಯುವಾಗ ಆಮ್ಲಜನಕ ಕುಸಿಯುತ್ತದೆ, ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಬೆಳಿಗ್ಗೆ ವಾಕಿಂಗ್ ಹೋದವರು ಮೂಗಿಗೆ ಕರ್ಚೀಪು ಹಿಡಿದ ಕಾಲವೂ ಬಂತು. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನ ಯೋಜನೆಯಲ್ಲಿ ಕೆರೆ ಸುಧಾರಣೆಯ ಕೆಲಸ ನಡೆಯಿತು. ಕೊಳಚೆ ಬೇರೆ ಕಡೆ ತಿರುಗಿಸುವ ಪ್ರಯತ್ನಗಳೂ ಆದವು. ಆದರೂ ಚರಂಡಿ ನೀರಿನ ದೂರು ಮತ್ತೆ ಮತ್ತೆ ಎದ್ದಿತು. ಪರಿಸರದವರು, ವಾಕಿಂಗ್ ಬರುವವರು, ಮೇಷ್ಟ್ರುಗಳು ದನಿ ಎತ್ತುತ್ತಾ ಬಂದಿದ್ದಾರೆ.

ಇದರಿಂದ ಕಲಿಯಬೇಕಾದ್ದೇನು? ಪರಿಸರ ವಿಜ್ಞಾನ, ರಸಾಯನ ವಿಜ್ಞಾನ, ಪ್ರಾಣಿವಿಜ್ಞಾನ, ಸಸ್ಯವಿಜ್ಞಾನ, ಎಲ್ಲ ವಿಭಾಗಗಳೂ ಕೂಗಳತೆಯಲ್ಲಿದ್ದ ಕೆರೆಗೇ ಈ ಗತಿ. ತಿಳಿವಳಿಕೆಗೆ ಕೊರತೆ ಇರಲಿಲ್ಲ. ಕೆರೆ ವಿಶ್ವವಿದ್ಯಾನಿಲಯದ್ದು, ಚರಂಡಿ ಊರಿನದು, ನಾಲೆಯ ಜಾಗ ಇನ್ನೊಬ್ಬರದು. ಕಾಂಪೌಂಡಿನ ಒಳಗೆ ಎಷ್ಟು ಗುಡಿಸಿದರೂ ಹೊರಗಿನ ಚರಂಡಿಯ ಜೊತೆ ಮಾತಾಡದೆ ಹೋದರೆ ಪ್ರಯೋಜನ ಇಲ್ಲ. ಮಾನಸಗಂಗೋತ್ರಿಯಲ್ಲಿ ಊರಿನ ಕೊಳಚೆ ಆವರಣದೊಳಕ್ಕೆ ನುಗ್ಗಿತು. ತಾಲ್ಲೂಕಿನ ಕಾಲೇಜುಗಳಲ್ಲಿ ದಾರಿ ಉಲ್ಟಾ, ಒಳಗಿನದು ಊರಿಗೆ ಹೋಗುತ್ತದೆ. ದಿಕ್ಕು ಬೇರೆ ಅಷ್ಟೆ, ಕಾಯಿಲೆ ಒಂದೇ. ಒಮ್ಮೆ ಕೆಟ್ಟ ಕೆರೆಯನ್ನು ಸರಿ ಮಾಡಲು ಬ್ಯಾಂಕಿನ ಸಾಲ ಬೇಕಾಗುತ್ತದೆ. ಕೆಡದ ಹಾಗೆ ನೋಡಿಕೊಳ್ಳಲು ಬೇಕಾದ್ದು ಅದರ ಒಂದು ಚೂರು.

ಕಾಲೇಜಿನಿಂದ ಹೊರಡುವುದೇನೇನು?

ಮೊದಲನೆಯದು ಕಕ್ಕಸು. ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಟ್ಯಾಂಕು ಮಾಡುವುದು ಅರ್ಧ ಕೆಲಸ ಮಾತ್ರ, ಗಟ್ಟಿಯನ್ನು ತಳಕ್ಕೆ ಇಳಿಸುತ್ತದೆ. ಮೇಲೆ ಹರಿದು ಬರುವ ನೀರು ಇನ್ನೂ ಕೊಳಚೆಯೇ. ಅದು ಇಂಗುಗುಂಡಿಗೆ ಹೋಗಬೇಕು. ಆ ಗುಂಡಿ ಬಾವಿ, ಬೋರ್‌ವೆಲ್ಲಿನಿಂದ 15-20 ಮೀಟರಾದರೂ ದೂರ ಇರಬೇಕು. ಎರಡು ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಮೆಷಿನ್ ತರಿಸಿ ಟ್ಯಾಂಕು ಖಾಲಿ ಮಾಡಿಸಬೇಕು. ಮನುಷ್ಯರನ್ನು ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಮೆಷಿನ್ ತುಂಬಿಕೊಂಡು ಹೋದದ್ದನ್ನು ಎಲ್ಲಿ ಸುರಿಯಿತು ಎಂದು ಕೇಳುವುದೂ ಕಾಲೇಜಿನ ಹೊಣೆಯೇ. ರಾತ್ರಿ ಹಳ್ಳಕ್ಕೆ ಸುರಿದರೆ ಟ್ಯಾಂಕು ಕಟ್ಟಿಸಿದ್ದೇ ದಂಡ.

ಎರಡನೆಯದನ್ನು ಸಭೆಯಲ್ಲಿ ಯಾರೂ ಎತ್ತುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ಒಂದು ಮುಚ್ಚಳದ ಡಬ್ಬಿ ಇಲ್ಲದಿದ್ದರೆ ಪ್ಯಾಡು ಎಲ್ಲಿ ಹೋಗಬೇಕು? ಪೈಪಿಗೆ ಹೋಗುತ್ತದೆ, ಪೈಪು ಕಟ್ಟುತ್ತದೆ, ಶೌಚಾಲಯಕ್ಕೆ ಬೀಗ ಬೀಳುತ್ತದೆ. ಬೀಗ ಬಿದ್ದ ಮೇಲೆ? ಹಳ್ಳಿಯಿಂದ ಏಳು ಗಂಟೆ ಬಸ್ಸಿಗೆ ಬಂದ ಹುಡುಗಿ ಸಂಜೆ ಮನೆ ಮುಟ್ಟುವವರೆಗೆ ಒಂದು ಗುಟುಕು ನೀರು ಕುಡಿಯದೆ ಕೂರುತ್ತಾಳೆ. ಪರಿಸರ ಎಂದರೆ ಕಾಡು, ಹುಲಿ, ಆನೆ ಅಂತ ಪ್ರಬಂಧ ಬರೆಸುವವರು ಆ ಮಗುವಿನ ಬಾಟಲಿ ಸಂಜೆಗೂ ಯಾಕೆ ತುಂಬಿದೆ ಎಂದು ಒಮ್ಮೆ ನೋಡಬೇಕು. ಒಂದು ಡಬ್ಬಿ, ಸುತ್ತಲು ಹಳೇ ಪೇಪರು, ದಿನಾ ತೆಗೆಯುವ ಒಬ್ಬರು, ಅವರ ಕೈಗೆ ಗವಸು. ಇಷ್ಟಕ್ಕೆ ಯಾವ ಮಂತ್ರಿಯ ಉದ್ಘಾಟನೆಯೂ ಬೇಡ.

ಮೂರನೆಯದು ಪ್ರಯೋಗಾಲಯ. ರಸಾಯನ ವಿಜ್ಞಾನದ ಲವಣ ಪರೀಕ್ಷೆಯಲ್ಲಿ ಸೀಸ, ತಾಮ್ರ, ಬೇರಿಯಂ, ಕ್ರೋಮಿಯಂ ಎಲ್ಲ ಬಂದು ಹೋಗುತ್ತವೆ. ಪರೀಕ್ಷೆ ಮುಗಿದ ಮೇಲೆ ಪ್ರನಾಳ ಸಿಂಕಿಗೆ ಬಗ್ಗಿಸಿ ನಲ್ಲಿ ತಿರುಗಿಸುವುದು ರೂಢಿ. ಹನಿಗಳ ಲೆಕ್ಕದಲ್ಲಿ ಮಾಡುವ ಸೂಕ್ಷ್ಮ ವಿಧಾನಕ್ಕೆ ಬದಲಾದರೆ ರಾಸಾಯನಿಕದ ಖರ್ಚೂ ಉಳಿಯುತ್ತದೆ, ವಿಷವೂ ಕಮ್ಮಿ. ಆಮ್ಲವನ್ನು ಸುಣ್ಣದ ನೀರಿನಿಂದ ಶಮನ ಮಾಡಬಹುದು. ಡೈಕ್ರೋಮೇಟನ್ನು ಮೊದಲು ಫೆರಸ್ ಸಲ್ಫೇಟಿನಿಂದ ಕಡಿಮೆ ವಿಷದ ರೂಪಕ್ಕೆ ತಂದು, ಆಮೇಲೆ ಸುಣ್ಣ ಬೆರೆಸಿ ತಳಕ್ಕೆ ಕೂರಿಸಬಹುದು. ಕೂತ ಮಡ್ಡಿಯನ್ನು ಕ್ಯಾನಿಗೆ ತುಂಬಿ, ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಅಧಿಕೃತರಿಗೆ ಒಪ್ಪಿಸಬೇಕು. ಇದನ್ನು ಮಾಡಿಸುವ ವಿದ್ಯೆ ಮೇಷ್ಟ್ರಿಗೆ ಗೊತ್ತು, ಹುಡುಗರಿಗೆ ಅದೇ ಒಂದು ಒಳ್ಳೆಯ ಪ್ರಯೋಗ. ಆದರೆ ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇಲ್ಲವಲ್ಲ!

ನಾಲ್ಕನೆಯದು ಹೊಗೆ. ಪಿರಿಯಾಪಟ್ಟಣ, ಹುಣಸೂರು, ಕೋಟೆ ಸೀಮೆಯ ಮಕ್ಕಳಿಗೆ ಹೊಗೆ ಹೊಸದಲ್ಲ. ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ರಾತ್ರಿಯೆಲ್ಲ ಬ್ಯಾರನ್ನಿಗೆ ಸೌದೆ ಒಟ್ಟಿ, ಕೆಂಪು ಕಣ್ಣಲ್ಲಿ ಕ್ಲಾಸಿಗೆ ಬಂದು ಕೂರುವ ಹುಡುಗರಿದ್ದಾರೆ. ಒಂದು ಕಿಲೋ ಸೊಪ್ಪು ಹದವಾಗಲು ಸುಮಾರು ನಾಲ್ಕೈದು ಕಿಲೋ ಸೌದೆ ಬೇಕು. ಎಷ್ಟು ಮರ ಹೋಯಿತು ಎಂದು ಆ ಹುಡುಗರಿಗೆ ಪಾಠ ಮಾಡಿ ತಿಳಿಸಬೇಕಾಗಿಲ್ಲ. ಮನೆಯದು ಹೊಟ್ಟೆಪಾಡಿನ ಹೊಗೆ. ಕಾಲೇಜಿನಲ್ಲಿ ಎಲೆ, ಕಾಗದ, ಪ್ಲಾಸ್ಟಿಕ್ಕು ಒಟ್ಟು ಹಾಕಿ ಹಚ್ಚುವುದು ಯಾವ ಪಾಡಿನ ಹೊಗೆ? ಬಿದ್ದ ಎಲೆಗೆ ಒಂದು ಗುಂಡಿ, ಪದರ ಪದರಕ್ಕೆ ಸಗಣಿ ನೀರು, ಮೇಲೊಂದಿಷ್ಟು ಮಣ್ಣು. ಮೂರು ನಾಲ್ಕು ತಿಂಗಳಿಗೆ ಗೊಬ್ಬರ. ಇದನ್ನು ರೈತರ ಮಕ್ಕಳಿಗೆ ಹೇಳಿಕೊಡುವುದೆಂದರೆ ಮೀನಿಗೆ ಈಜು ಕಲಿಸಿದಂತೆ.

ಐದನೆಯದು ಪ್ಲಾಸ್ಟಿಕ್ಕು. ಕರ್ನಾಟಕದಲ್ಲಿ 2016ರ ಮಾರ್ಚಿಯಿಂದ ಕೈಚೀಲ, ತಟ್ಟೆ, ಲೋಟ, ಬ್ಯಾನರು ಎಲ್ಲಕ್ಕೂ ನಿಷೇಧ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಸಾಮಾನಿಗೆ ದೇಶಕ್ಕೇ ನಿಷೇಧ. ಪರಿಸರ ದಿನದ ಬ್ಯಾನರೇ ಪ್ಲಾಸ್ಟಿಕ್ಕಿನದಾದರೆ ನಗಬೇಕೋ ಅಳಬೇಕೋ? ಎಚ್.ಡಿ. ಕೋಟೆ, ಹುಣಸೂರಿನ ಕಾಡಂಚಿನಲ್ಲಿ ಇದು ನಗುವ ಮಾತಲ್ಲ. ಉಪ್ಪು ಖಾರ ಅಂಟಿದ ಪ್ಯಾಕೆಟ್ಟು ಗಾಳಿಗೆ ಹಾರಿ ನಾಗರಹೊಳೆ ಕಡೆ ಹೋದರೆ ಜಿಂಕೆಗೆ ಅದು ಪ್ಲಾಸ್ಟಿಕ್ಕೋ ತಿಂಡಿಯೋ ಏನು ಗೊತ್ತು?

ಕಾಗದದ ಮೇಲೆ ಎಲ್ಲ ಹಸಿರು

ಕಾನೂನಿಗೆ ಬರ ಇಲ್ಲ. 1974ರ ಜಲ ಕಾಯಿದೆಯ 24ನೇ ಕಲಂ ಹೊಳೆಗೆ, ಬಾವಿಗೆ, ಚರಂಡಿಗೆ, ನೆಲಕ್ಕೆ ಕೊಳಕು ಬಿಡಬಾರದು ಎನ್ನುತ್ತದೆ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಹಸಿ ಕಸ, ಒಣ ಕಸ, ಅಪಾಯದ ಕಸ ಎಂದು ಮೂರು ಭಾಗ ಮಾಡುವುದು 2016ರ ನಿಯಮಗಳಲ್ಲೇ ಕಡ್ಡಾಯವಾಯಿತು. ಪರಿಸರ ಶಿಕ್ಷಣ ಎಲ್ಲರಿಗೂ ಕಡ್ಡಾಯ ಎಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತು. 2003ರಲ್ಲಿ ಮತ್ತೆ ಚಾಟಿ ಬೀಸಿದ ಮೇಲೆ ಪದವಿ ತರಗತಿಗಳಿಗೆ ಆರು ತಿಂಗಳ ಪಠ್ಯ ಬಂತು. ಯು.ಜಿ.ಸಿ.ಯ ಆ ಮಾದರಿ ಪಠ್ಯದಲ್ಲಿ 100 ಅಂಕಕ್ಕೆ 25 ಅಂಕ ಕ್ಷೇತ್ರಕಾರ್ಯಕ್ಕೆ. ಊರಿನ ಹೊಳೆ, ಕೆರೆ, ಕಲುಷಿತ ಜಾಗ ನೋಡಿ ಬಂದು ಬರೆಯಬೇಕು. ಹುಡುಗರು ನೋಡಿ ಬರುವುದು ಸಾಮಾನ್ಯವಾಗಿ ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯನ್ನು! ಹಿಂದಿನ ವರ್ಷದ ಪ್ರಾಜೆಕ್ಟಿಗೆ ಹೊಸ ರಟ್ಟು, ಹೊಸ ಹೆಸರು.

ನ್ಯಾಕ್ ಮೌಲ್ಯಮಾಪನದ ಏಳು ಮಾನದಂಡಗಳಲ್ಲಿ ಏಳನೆಯದರಲ್ಲಿ ಹಸಿರು ಲೆಕ್ಕಪರಿಶೋಧನೆ, ಕಸ ವಿಲೇವಾರಿ, ಮಳೆಕೊಯ್ಲು ಎಲ್ಲ ಇತ್ತು. ವರದಿ ಕಳಿಸುವ ತಿಂಗಳು ಕೆಂಪು, ಹಸಿರು, ನೀಲಿ ಡಬ್ಬಿಗಳು ಸಾಲಾಗಿ ನಿಲ್ಲುತ್ತವೆ, ಫೋಟೋ ಆಗುತ್ತದೆ. ಮೂರೂ ಡಬ್ಬಿಯ ಕಸ ಹಿತ್ತಲಲ್ಲಿ ಒಂದೇ ಗುಂಡಿಗೆ ಹೋದರೆ ಫೋಟೋದಲ್ಲಿ ಕಾಣುವುದಿಲ್ಲವಲ್ಲ! ಎನ್.ಎಸ್.ಎಸ್. ಶುರುವಾದದ್ದು ಗಾಂಧೀ ಶತಮಾನೋತ್ಸವದ 1969ರಲ್ಲಿ. ಅದರ ಧ್ಯೇಯ 'ನಾನಲ್ಲ, ನೀನು'. ನಿಸ್ವಾರ್ಥ ಸೇವೆಯ ಆ ದೊಡ್ಡ ಮಾತಿಗೆ ಕಾಲೇಜಿನ ಅಂಗಳದಲ್ಲಿ ಬೇರೆಯೇ ಅರ್ಥ ಬಂದುಬಿಟ್ಟಿದೆ. ಗುಡಿಸುವುದು ಯಾರು ಎಂದರೆ, 'ನಾನಲ್ಲ, ನೀನು'! ಏಳು ದಿನದ ಶಿಬಿರಕ್ಕೆ ಹಳ್ಳಿಗೆ ಹೋಗಿ ಅಲ್ಲಿನ ಚರಂಡಿ ತೆಗೆಯುವ ಹುಡುಗರು ಕೆಲಸಗಳ್ಳರಲ್ಲ, ಬೆವರು ಸುರಿಸುತ್ತಾರೆ. ಅವರಿಗೆ ತಮ್ಮ ಕಾಲೇಜಿನದೇ ಚರಂಡಿಯನ್ನು ಯಾರೂ ತೋರಿಸಿಲ್ಲ, ಅಷ್ಟೆ.

ಆಗಬೇಕಾದ್ದು ಏನು?

ಮೊದಲ ಕೆಲಸಕ್ಕೆ ಕಾಸು ಬೇಡ. ಪರಿಸರ ವಿಷಯದ ಕ್ಷೇತ್ರಕಾರ್ಯವನ್ನು ಕಾಲೇಜಿನ ಚರಂಡಿಯಿಂದಲೇ ಶುರು ಮಾಡಿಸಬಹುದು. ಐದಾರು ಹುಡುಗ ಹುಡುಗಿಯರ ಗುಂಪು ಸಿಂಕಿನಿಂದ, ಕಕ್ಕಸಿನಿಂದ, ಕ್ಯಾಂಟೀನಿನಿಂದ ಹೊರಟು ನೀರಿನ ಹಿಂದೆಯೇ ನಡೆಯಲಿ. ಗೇಟು ದಾಟಲಿ, ರಸ್ತೆ ದಾಟಲಿ, ಹಳ್ಳ ಮುಟ್ಟಲಿ, ಹೊಳೆಯೋ ಕೆರೆಯೋ ಸಿಗುವವರೆಗೆ ಹೋಗಲಿ. ದಾರಿಯಲ್ಲಿ ಎಷ್ಟು ಬಾವಿ, ಎಷ್ಟು ಬೋರು, ಯಾರ ಗದ್ದೆ, ಎಲ್ಲಿ ಬಟ್ಟೆ ಒಗೆಯುತ್ತಾರೆ, ಎಲ್ಲಿ ದನ ನೀರು ಕುಡಿಯುತ್ತವೆ, ಎಲ್ಲ ಒಂದು ನಕ್ಷೆಯಲ್ಲಿ ಬರೆಯಲಿ. ಎಷ್ಟೋ ಹುಡುಗರಿಗೆ ಆ ದಾರಿಯ ಕೊನೆಯಲ್ಲಿ ಸಿಗುವುದು ತಮ್ಮದೇ ಊರು, ತಮ್ಮ ಅಪ್ಪನದೇ ಗದ್ದೆ ಇರಬಹುದು. ಆಮೇಲೆ ಅವರಿಗೆ ಭಾಷಣದ ಅಗತ್ಯ ಇರುವುದಿಲ್ಲ. ಆ ನಕ್ಷೆಯನ್ನು ನೋಟೀಸು ಬೋರ್ಡಿಗೆ ಅಂಟಿಸಿ, ಒಂದು ಪ್ರತಿ ನಗರಸಭೆಗೋ ಪುರಸಭೆಗೋ, ಇನ್ನೊಂದು ಪ್ರತಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮೈಸೂರು ಕಚೇರಿಗೋ ಕಳಿಸಿದರೆ, 25 ಅಂಕ ಕೊಟ್ಟದ್ದೂ ಸಾರ್ಥಕ.

ಎರಡನೆಯದಕ್ಕೆ ಅಲ್ಪ ಕಾಸು. ಕೈ ತೊಳೆದ, ತಟ್ಟೆ ತೊಳೆದ ನೀರನ್ನು ಕಕ್ಕಸಿನ ನೀರಿಗೆ ಬೆರೆಯಲು ಬಿಡದೆ ಬೇರೆ ಪೈಪಿನಲ್ಲಿ ತಂದು, ಜಲ್ಲಿ ಮರಳು ತುಂಬಿ ಜೊಂಡು, ಕ್ಯಾನಾ ಗಿಡ ನೆಟ್ಟ ತೊಟ್ಟಿಯಲ್ಲಿ ಹಾಯಿಸಿದರೆ ಗಿಡಗಳಿಗೆ ಬಿಡಬಹುದಾದ ನೀರು ಸಿಗುತ್ತದೆ. ಮೂರನೆಯದು ಮಳೆ. ಸಾವಿರ ಚದರ ಮೀಟರ್ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿತ್ತೆಂದರೆ 7 ಲಕ್ಷ ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 5 ಲಕ್ಷ 60 ಸಾವಿರ ಉಳಿಯುತ್ತದೆ. ಈಗ ಅದೂ ಚರಂಡಿಗೇ ಹೋಗಿ, ಕೊಳಚೆಯನ್ನು ಹೊಳೆಯವರೆಗೆ ತಳ್ಳಿಕೊಂಡು ಹೋಗುವ ಎಳೆಗೂಲಿ ಮಾಡುತ್ತಿದೆ.

ನಾಲ್ಕನೆಯದು ಕಾಲೇಜಿನವರಿಂದ ಮಾತ್ರ ಆಗುವುದಲ್ಲ. ಕಾಂಪೌಂಡಿನ ಆಚೆಯ ಚರಂಡಿ ನಗರಸಭೆ, ಪುರಸಭೆಯದು. ಒಳಗೆ ಎಲ್ಲ ಸರಿ ಮಾಡಿಕೊಂಡವರಿಗೆ ಹೊರಗಿನವರನ್ನು ಕೇಳುವ ಬಾಯಿ ಬರುತ್ತದೆ. "ನಿಮ್ದು ಮೊದ್ಲು ನೋಡ್ಕಳಿ ಮೇಷ್ಟ್ರೇ" ಎಂದು ಎದುರು ಮಾತು ಬಾರದ ಹಾಗೆ ಮಾಡಿಕೊಂಡು ಹೋಗಿ ಕೇಳಿದರೆ ಯಾವ ಮುಖ್ಯಾಧಿಕಾರಿಯೂ ಸುಲಭಕ್ಕೆ ತಳ್ಳಿಹಾಕಲಾರ.

ಇನ್ನು ಜೂನ್ 5ರ ಸಸಿಯ ಮಾತು. ಅದು ಮಾರ್ಚಿಯಲ್ಲಿ ಒಣಗುವುದು ನೀರಿಲ್ಲದೆ. ಅದೇ ಮಾರ್ಚಿಯಲ್ಲಿ, ಸಸಿಯಿಂದ ಹತ್ತು ಹೆಜ್ಜೆ ಆಚೆ, ಮಕ್ಕಳು ಊಟದ ಡಬ್ಬಿ ತೊಳೆದ ನೀರು ಸಿಮೆಂಟು ಕಾಲುವೆಯಲ್ಲಿ ಗೇಟಿನ ಕಡೆ ಹರಿಯುತ್ತಿರುತ್ತದೆ. ಎರಡಕ್ಕೂ ನಡುವೆ ಬೇಕಾದ್ದು ಹತ್ತು ಅಡಿ ಪೈಪು, ಒಂದು ಜಲ್ಲಿ ತೊಟ್ಟಿ ಮತ್ತು ಯಾರಾದರೂ ಒಬ್ಬರ ಒಂದು ಶನಿವಾರ. ಮುಂದಿನ ಪರಿಸರ ದಿನಕ್ಕೆ ಅತಿಥಿಗಳನ್ನು ಕರೆಯುವ ಮುಂಚೆ ಪ್ರಾಂಶುಪಾಲರು, ಎನ್.ಎಸ್.ಎಸ್. ಅಧಿಕಾರಿಗಳು, ವಿದ್ಯಾರ್ಥಿ ಮುಖಂಡರು ಆ ಒಂದು ಶನಿವಾರವನ್ನು ಕೊಡಬಲ್ಲರೆ? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?